ಹಡಗು ಹತ್ತುವ ಮೊದಲು ಮನೆ ನೋಡುವ ಶಾಸ್ತ್ರ

ಮೊನ್ನೆ ಮೊಬೈಲಿನ ಚಾರ್ಜರು ಹುಡುಕುತ್ತ ಪ್ರವಾಸದ ಚೀಲದ ಪಕ್ಕದ ಜೇಬಿಗೆ ಕೈಹಾಕಿದೆ. ಚಾರ್ಜರು ಸಿಗಲಿಲ್ಲ. ಗಂಟು ಹಾಕಿದ ಒಂದು ಕರವಸ್ತ್ರ ಸಿಕ್ಕಿತು. ಬಿಚ್ಚಿದರೆ ಒಳಗೆ ಅರ್ಧ ಹಿಡಿ ತೊಗರಿಬೇಳೆ, ಜೊತೆಗೆ ಒಣಗಿ ಗೋಲಿಯಷ್ಟಾದ ಒಂದು ಲಿಂಬೆಹಣ್ಣು.

"ಹುಳಾ ಬಿದ್ದಿರತಾವ, ಚೆಲ್ಲಿ ಬಿಡ್ರಿ ಅತ್ತಾಗ," ಎಂದಳು ನನ್ನ ಹೆಂಡತಿ ಸುನಂದಾ.

"ಮುಂಬೈ ನೋಡಿ ಬಂದ ಬ್ಯಾಳಿ ಐತಿ ಇದು. ಹಂಗೆಲ್ಲಾ ಚೆಲ್ಲಾಕ ಬರೂದಿಲ್ಲ," ಎಂದೆ ನಾನು.

ಅವಳಿಗೂ ನೆನಪಾಯಿತು. ಸೆರಗು ಬಾಯಿಗೆ ಇಟ್ಟುಕೊಂಡು ಎಷ್ಟು ನಕ್ಕಳೆಂದರೆ ಒಲೆಯ ಮೇಲಿದ್ದ ಹಾಲು ಉಕ್ಕಿತು. ಉಕ್ಕಿದ ಹಾಲಿಗೆ ಬೈಸಿಕೊಂಡದ್ದು ಮಾತ್ರ ನಾನು. ನೀವೇ ಹೇಳಿ, ಬೇಳೆ ನನ್ನದಲ್ಲ, ಲಿಂಬೆಹಣ್ಣು ನನ್ನದಲ್ಲ, ನಗು ನನ್ನದಲ್ಲ. ಬೈಗುಳ ಹೇಗೆ ನನ್ನದಾಯಿತು?

ನಾನು ಮೂಡಲಗಿಯಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಇಟ್ಟವನು. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವ ಕೀಟನಾಶಕ. ನಮ್ಮಂಥ ಅಂಗಡಿಯವರಿಗೆ ಕಂಪನಿಗಳು ವರ್ಷಕ್ಕೊಮ್ಮೆ ಏನಾದರೂ ಬಹುಮಾನ ಕೊಡುತ್ತವೆ. ಒಂದು ವರ್ಷ ಮಿಕ್ಸರ್ ಕೊಟ್ಟರು, ಒಂದು ವರ್ಷ ಗಾಲಿ ಇರುವ ಸೂಟ್‌ಕೇಸ್ ಕೊಟ್ಟರು, ಒಂದು ವರ್ಷ ಹತ್ತಿಕಾಯಿಯ ಆಕಾರದ ಗಡಿಯಾರ ಕೊಟ್ಟರು. ಆ ಗಡಿಯಾರ ಈಗಲೂ ನಮ್ಮ ಗೋಡೆಯ ಮೇಲೆ ತನಗೆ ತೋಚಿದ ಸಮಯ ತೋರಿಸುತ್ತಿದೆ. ಕಳೆದ ವರ್ಷ ಅವರಿಗೆ ಏನು ಹುಕಿ ಬಂತೋ, ಹಡಗು ಕೊಟ್ಟರು. ಅಂದರೆ ನಾಲ್ಕು ಜನರಿಗೆ ಹಡಗಿನ ಟಿಕೆಟ್ಟು. ಮುಂಬೈಯಿಂದ ಹೊರಟು, ಸಮುದ್ರದಲ್ಲಿ ಎರಡು ದಿನ ತಿರುಗಾಡಿಸಿ, ಊಟ ಹಾಕಿ, ಮತ್ತೆ ಮುಂಬೈಗೇ ತಂದು ಇಳಿಸುವುದು. ಹೊರಟಲ್ಲಿಗೇ ಬರುವುದಾದರೆ ಹೋಗುವುದೇಕೆ ಎಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂರುವ ತುಕ್ಕಾನಟ್ಟಿಯ ರೈತರು ಕೇಳಿದರು.

ಮಕ್ಕಳಿಗೆ ಪರೀಕ್ಷೆ. ಹಾಗಾಗಿ ನಾವಿಬ್ಬರು, ಜೊತೆಗೆ ನನ್ನ ಸೋದರತ್ತೆ ಗಂಗವ್ವ ಮತ್ತು ಅವಳ ಗಂಡ ಈರಪ್ಪ ಮಾಮಾ ಎಂದು ನಿರ್ಧಾರವಾಯಿತು. ಸಣ್ಣವನಿದ್ದಾಗ ಶಾಲೆಯ ಸೂಟಿಯೆಲ್ಲ ನಾನು ಕಳೆದದ್ದು ಈ ಅತ್ತಿಯ ಮನೆಯಲ್ಲಿ. ಹುಕ್ಕೇರಿ ತಾಲೂಕು, ಹತ್ತರಗಿಯಿಂದ ಒಳಗೆ ಒಂದು ಹಳ್ಳಿ. ಅವಳು ಹಚ್ಚಿಕೊಟ್ಟ ರೊಟ್ಟಿ-ಬೆಣ್ಣೆಯ ಋಣ ಹಡಗಿನಿಂದಲಾದರೂ ಒಂದಿಷ್ಟು ತೀರಲಿ ಎಂದು ನನ್ನ ಆಸೆ.

ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಹಡಗು ಮಧ್ಯಾಹ್ನ ಹೊರಡುತ್ತದೆ, ದೂರದಿಂದ ಬರುವವರು ಹಿಂದಿನ ದಿನವೇ ಬಂದು ಮುಂಬೈಯಲ್ಲಿ ಉಳಿದುಕೊಳ್ಳುವುದು ಒಳ್ಳೆಯದು, ಅದರ ವ್ಯವಸ್ಥೆ ನಿಮ್ಮದೇ. ಮುಂಬೈಯಲ್ಲಿ ನಮ್ಮವರೆನ್ನುವವರು ಯಾರೂ ಇಲ್ಲ. ಒಂದು ರಾತ್ರಿಯ ಮಾತು, ಮೊಬೈಲಿನಲ್ಲಿ ಒಂದು ಹೋಟೆಲ್ ನೋಡಿ ಒತ್ತಿದರಾಯಿತು ಅಂದುಕೊಂಡೆ. ನಮ್ಮ ಮನೆತನದಲ್ಲಿ ಬಸಲಿಂಗಪ್ಪ ಕಾಕಾ ಎಂಬುವನೊಬ್ಬನಿದ್ದಾನೆ ಎನ್ನುವುದನ್ನು ಮರೆತೇ ಬಿಟ್ಟಿದ್ದೆ.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆ ನೋಡಿ ಬರುವುದೊಂದಿದೆ. ನಿಮ್ಮಲ್ಲೂ ಇದ್ದೀತು. ಹುಡುಗ ಹುಡುಗಿ ಒಪ್ಪಿದರು ಎಂದಾದ ಮೇಲೆ ಹೆಣ್ಣಿನ ಕಡೆಯ ನಾಲ್ಕು ಹಿರಿಯರು ಜೀಪು ಮಾಡಿಕೊಂಡು ಗಂಡಿನ ಮನೆಗೆ ಹೋಗುತ್ತಾರೆ. ಚಹಾ ಕುಡಿಯಲು ಬಂದವರ ಹಾಗೆ ಕೂತು ಜಂತೆ ಎಣಿಸುತ್ತಾರೆ. ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಇಣುಕುತ್ತಾರೆ. ಈ ವಿದ್ಯೆಯಲ್ಲಿ ನಮ್ಮ ಕಾಕಾ ಗೋಕಾಕ ತಾಲೂಕಿಗೇ ಹೆಸರಾದವನು. ಅಡುಗೆಮನೆಯ ಮಾಳಿಗೆಗೆ ಹಿಡಿದ ಮಸಿ ನೋಡಿ ಆ ಮನೆಯಲ್ಲಿ ಎಷ್ಟು ಮಂದಿಗೆ ಊಟ ಹಾಕುತ್ತಾರೆ ಎಂದು ಹೇಳುತ್ತಿದ್ದ. ನಾಯಿ ನೋಡುತ್ತಿದ್ದ, "ನಾಯಿ ಸೊರಗಿತ್ತು ಅಂದ್ರ ಸೊಸಿನೂ ಸೊರಗತಾಳ" ಎನ್ನುವುದು ಅವನ ಮಾತು. ಕಿಸೆಯಿಂದ ಲಿಂಬೆಹಣ್ಣು ತೆಗೆದು ನೆಲದ ಮೇಲೆ ಉರುಳಿಸಿ ಮನೆ ಯಾವ ಕಡೆ ವಾಲಿದೆ ಎಂದು ನೋಡುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಕರವಸ್ತ್ರದಲ್ಲಿ ಒಂದು ಹಿಡಿ ತೊಗರಿಬೇಳೆ ಒಯ್ದು ಆ ಊರಿನ ನೀರಿನಲ್ಲಿ ಬೇಯಿಸಿ ತೋರಿಸಿರಿ ಎಂದು ಕೂರುತ್ತಿದ್ದ.

"ಹುಡುಗಿ ಜೀವಮಾನ ಕುದಸೂದು ಬ್ಯಾಳೀನ. ಬ್ಯಾಳಿ ಬೇಯದ ನೀರಿನ ಊರಿಗೆ ಕೊಟ್ರ ಅಕಿ ಆಯುಷ್ಯ ಒಲಿ ಮುಂದ ಹೋಗತೈತಿ," ಎನ್ನುತ್ತಿದ್ದ. ಇದರಲ್ಲಿ ನಗುವಂಥದ್ದೇನೂ ಇಲ್ಲ ನೋಡಿ. ಕೂತು ಯೋಚಿಸಿದರೆ ಖರೆ ಅನಿಸುತ್ತದೆ.

ಇಂಥ ಕಾಕಾ ಎಡವಿದ್ದು ಒಂದೇ ಒಂದು ಸಲ. ಅದು ಸ್ವಂತ ತಂಗಿ ಗಂಗವ್ವನ ಮನೆ ನೋಡುವಾಗ.

ನಲವತ್ತು ವರ್ಷದ ಹಿಂದಿನ ಮಾತು. ಅಣ್ಣಂದಿರು ಮೂವರು: ಹಿರಿಯವನು ನನ್ನ ಅಪ್ಪ, ನಡುವಿನವನು ದೊಡ್ಡ ಕಾಕಾ, ಕೊನೆಯವನು ಬಸಲಿಂಗಪ್ಪ ಕಾಕಾ. ಇಬ್ಬರು ಹಿರಿಯರಿಗೆ ಪುರುಸೊತ್ತಿಲ್ಲವೆಂದು ಇವನೇ ಹೋದ. ಬೇಳೆ ಬೆಂದಿತು, ನಾಯಿ ದಪ್ಪವಿತ್ತು, ಲಿಂಬೆಹಣ್ಣು ಇಟ್ಟಲ್ಲೇ ನಿಂತಿತು. ಹಟ್ಟಿಯಲ್ಲಿ ಎಂಟು ಎಮ್ಮೆ, ಒಂದಕ್ಕಿಂತ ಒಂದು ಕರ್ರಗೆ, ಎಣ್ಣೆ ಹಚ್ಚಿ ನಿಲ್ಲಿಸಿದ್ದರು. ಕಾಕಾ ಬೆರಳು ಮಡಚಿ ಎಣಿಸಿ, ಮರಳಿ ಬಂದು, "ಎಂಟು ಎಮ್ಮಿ ಮನಿ. ತಂಗಿ ಹಾಲಿನ್ಯಾಗ ಕೈ ತೊಳಿತಾಳ" ಎಂದು ಸಾರಿದ. ಮದುವೆಯಾಯಿತು. ಮದುವೆಯ ಅರಿಶಿನ ಇನ್ನೂ ಆರಿರಲಿಲ್ಲ, ಓಣಿಯವರು ಒಬ್ಬೊಬ್ಬರಾಗಿ ಬಂದು, "ನಮ್ಮ ಎಮ್ಮಿ ಒಯ್ತೇವ್ರಿ" ಎಂದು ಬಿಚ್ಚಿಕೊಂಡು ಹೋದರು. ಮಾಮಾನ ಅಪ್ಪ ಕಡ ತಂದು ಕಟ್ಟಿದ ಎಮ್ಮೆಗಳು. ಮನೆಯದೆಂದು ಉಳಿದದ್ದು ಒಂದು, ಮುರುಕು ಕೊಂಬಿನದು, ಹಾಲು ಬತ್ತಿದ್ದು.

ನನಗೆ ನೆನಪಿರುವುದು ಆ ಹಟ್ಟಿ, ಆ ಎಂಟು ಗೂಟ. ಅಷ್ಟು ಹೊತ್ತಿಗೆ ಮುರುಕು ಕೊಂಬಿನದೂ ಇರಲಿಲ್ಲ. ಸೂಟಿಯಲ್ಲಿ ನಾನು ಎಂಟು ಗೂಟಕ್ಕೂ ಕಲ್ಲು ಕಟ್ಟಿ, ಹೆಸರಿಟ್ಟು, ಮೇವು ಹಾಕಿ ಆಡುತ್ತಿದ್ದೆ. ಒಂದು ಕಲ್ಲು ಹಾಯುತ್ತದೆ ಎಂದು ಅದರ ಹತ್ತಿರ ಹೋಗುತ್ತಿರಲಿಲ್ಲ.

ಅತ್ತಿ ಅಂದಿನಿಂದ ಕಾಕಾನನ್ನು ಬಿಡಲಿಲ್ಲ. ಮದುವೆ, ಮುಂಜಿ, ತೊಟ್ಟಿಲು, ಎಲ್ಲೇ ಕೂಡಿದರೂ ಹತ್ತು ಮಂದಿಯ ನಡುವೆ, "ನಮ್ಮ ಅಣ್ಣ ನೋಡಿದ ಮನಿ ಬಾ ಯವ್ವಾ, ಎಂಟು ಎಮ್ಮಿ ಕಡಾ ತಂದಿದ್ರು" ಎನ್ನುವಳು. ಈರಪ್ಪ ಮಾಮಾ ಮಾತು ಕಡಿಮೆಯ ಮನುಷ್ಯ, ಅಡಿಕೆ ಕತ್ತರಿಸುತ್ತ ತಲೆ ಎತ್ತದೆ, "ಏಳು. ಒಂದು ನಮ್ಮದ ಇತ್ತು" ಎನ್ನುವನು. ನಲವತ್ತು ವರ್ಷ ಇದೇ ನಡೆದು ಬಂದಿದೆ.

ಕಾಕಾನ ವಿದ್ಯೆ ಅಲ್ಲಿಗೆ ಮುಗಿಯಿತು. ಮನೆ ನೋಡಲು ಹೊರಟ ಜೀಪುಗಳು ಅವನ ಮನೆ ಮುಂದೆ ಬಂದಾಗ ಜೋರು ಓಡತೊಡಗಿದವು. ಪ್ರಾಯಶ್ಚಿತ್ತಕ್ಕೆಂದು ಆ ವರ್ಷವೇ ತನ್ನ ಹಟ್ಟಿಯ ಒಳ್ಳೆಯ ಎಮ್ಮೆಯನ್ನು ಗೋಕಾಕದಿಂದ ನಡೆಸಿಕೊಂಡು ಹೋಗಿ ತಂಗಿಯ ಗೂಟಕ್ಕೆ ಕಟ್ಟಿ ಬಂದ. ಮೂರನೆಯ ದಿನ ಅದು ತಾನೇ ವಾಪಸು ಬಂದು ಕಾಕಾನ ಬಾಗಿಲಲ್ಲಿ ನಿಂತಿತು. ಮತ್ತೆ ಒಯ್ದ, ಮತ್ತೆ ಬಂತು. ಮೂರನೆಯ ಸಲ ಕಾಕಾ ಬಸ್ಸಿನಿಂದ ಇಳಿದು ಮನೆಗೆ ಬರುವುದರೊಳಗೆ ಅದು ಬಂದು ಮೆಲುಕು ಹಾಕುತ್ತಿತ್ತಂತೆ. ಆಮೇಲೆ ಎಮ್ಮೆ ಬಿಟ್ಟು ತುಪ್ಪಕ್ಕೆ ಇಳಿದ. ಪ್ರತಿ ವರ್ಷ ನಾಗರ ಪಂಚಮಿಗೆ ತುಪ್ಪದ ಡಬ್ಬಿ ಹಿಡಿದು ತಂಗಿಯನ್ನು ತವರಿಗೆ ಕರೆಯಲು ಹೋಗುತ್ತಾನೆ. ಆ ಮನೆಯಲ್ಲಿ ಮಾತ್ರ ಹಾಲು ಹಾಕಿದ ಚಹಾ ಕುಡಿಯುವುದಿಲ್ಲ, ಕರಿ ಚಹಾ. ಪಿತ್ತ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಅವನಿಗೆ ಪಿತ್ತವಿಲ್ಲ.

ಹೀಗಿರುವಾಗ ಮುಂಬೈಯಲ್ಲಿ ಎಲ್ಲಿ ಇಳಿಯುವುದು ಎಂಬ ಮಾತು ಬಂದಾಗ ಅತ್ತಿ ಫೋನಿನಲ್ಲಿ, "ಎಲ್ಲೆರೆ ಇಳಿಸಪಾ, ನಿಮ್ಮ ಕಾಕಾನ್ನ ಒಬ್ಬನ್ನ ಕೇಳಬ್ಯಾಡ" ಎಂದಳು. ಆ ಮಾತು ಮೂಡಲಗಿಯಿಂದ ಗೋಕಾಕಕ್ಕೆ ಹೇಗೆ ಮುಟ್ಟಿತೋ ಶಿವನೇ ಬಲ್ಲ. ಮರುದಿನ ಬೆಳಿಗ್ಗೆ ವಿಭೂತಿ ಧರಿಸಿ, ಇಸ್ತ್ರಿ ಧೋತರ ಉಟ್ಟು ಕಾಕಾ ನನ್ನ ಅಂಗಡಿಗೆ ಬಂದು ಗೊಬ್ಬರದ ಚೀಲದ ಮೇಲೆ ಕೂತ.

"ತಮ್ಮಾ, ಮನಿ ನಾ ನೋಡತೇನಿ," ಎಂದ.

"ಮನಿ ಅಲ್ಲ ಕಾಕಾ. ಹೋಟೆಲ್. ಒಂದ ರಾತ್ರಿ."

"ಒಂದ ರಾತ್ರಿ ಆಗಲಿ. ಒಮ್ಮೆರೆ ನನ್ನ ತಂಗಿನ್ನ ಚಲೋ ಮನ್ಯಾಗ ಇಳಸಬೇಕು. ಅಷ್ಟ ಆದ್ರ ನನಗ ಸಾಯಾಕ ಅಡ್ಡಿಯಿಲ್ಲ."

ಹೀಗೆ ಹೇಳುವ ಹಿರಿಯನಿಗೆ ನೀವಾದರೂ ಏನು ಹೇಳುತ್ತೀರಿ? ಮೊಬೈಲು ತೆಗೆದೆ.

ಮೊದಲ ಹೋಟೆಲಿನ ಫೋಟೋದಲ್ಲಿ ಗಂಡ ಹೆಂಡತಿ ಹಾಸಿಗೆಯ ಮೇಲೆ ಕೂತು ನಗುತ್ತಿದ್ದರು. "ಯಾಕ ನಗಾಕತ್ತಾರ? ಬಾಜೂಕ ಯಾರೂ ಇಲ್ಲ, ಏನೂ ಇಲ್ಲ. ತೆಲಿ ಸರಿ ಇಲ್ಲ," ಎಂದು ಕಾಕಾ ಅದನ್ನು ಬಿಟ್ಟ. ಹೋಟೆಲನ್ನು ಬಲ್ಲವರು ಏನು ಹೇಳುತ್ತಾರೆ ಎನ್ನುವುದೂ ಇದರಲ್ಲೇ ಇರುತ್ತದೆ ಎಂದು ವಿವರಿಸಿದೆ. ಅದು ಅವನಿಗೆ ಬಹಳ ಹಿಡಿಸಿತು. ಮನೆ ನೋಡುವಾಗ ಮೊದಲು ಬಾಜೂ ಮನೆಯವರನ್ನು ಕೇಳಬೇಕು ಎನ್ನುವುದು ಅವನ ಶಾಸ್ತ್ರದಲ್ಲೂ ಇತ್ತು. ಎರಡನೆಯ ಹೋಟೆಲಿಗೆ ಒಬ್ಬ ಐದು ಚುಕ್ಕಿ ಕೊಟ್ಟು ಹೊಗಳಿದ್ದ.

"ಇಂವಾ ಅವರ ಪೈಕಿ ಮನಿಷಾ ಇರಬೇಕು. ಬಿಡು."

ಇನ್ನೊಬ್ಬ ಒಂದೇ ಚುಕ್ಕಿ ಕೊಟ್ಟು ಬೈದಿದ್ದ.

"ಇವಗ ಹೆಣ್ಣು ಕೊಟ್ಟಿಲ್ಲ ಅವ್ರು. ಅದರ ಸಿಟ್ಟು. ಇದನ್ನೂ ಬಿಡು."

ಮೂರು ಚುಕ್ಕಿ ಕೊಟ್ಟವನನ್ನು ಮಾತ್ರ ನಂಬಿದ. ಅವನು ಬರೆದದ್ದು "ಪರವಾಗಿಲ್ಲ" ಎಂಬ ಒಂದೇ ಮಾತು. ಆ ಹೋಟೆಲಿಗೆ ಫೋನ್ ಹಚ್ಚಿಸಿದ. ಗಡಿಯಾಚೆಯ ಬೆಲ್ಲದ ಪೇಟೆಯಲ್ಲಿ ಬೆಲ್ಲ ಮಾರುತ್ತ ಕಲಿತ ಮರಾಠಿ ಕಾಕಾನದು ಚಲೋ ಇದೆ. ನಿಮ್ಮಲ್ಲಿ ನಾಯಿ ಇದೆಯೇ ಎಂದು ಕೇಳಿದ. ಆ ಕಡೆಯ ಹುಡುಗಿ, ಇಲ್ಲ ಸರ್, ನಾಯಿಗೆ ಇಲ್ಲಿ ಪ್ರವೇಶವಿಲ್ಲ ಎಂದಳು. ಕಾಕಾ ಫೋನು ನನ್ನ ಕೈಗೆ ಕೊಟ್ಟು, "ನಾಯಿಗೆ ತುತ್ತು ಹಾಕದ ಮನಿ. ಇಡು ಕೆಳಗ" ಎಂದ.

ಒಂದು ಫೋಟೋ ಅವನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬಿಳಿ ಹಾಸಿಗೆ, ದೊಡ್ಡ ಕಿಟಕಿ, ಕಿಟಕಿಯ ತುಂಬ ನೀಲಿ ಸಮುದ್ರ.

"ಈ ಸಮುದ್ರ ಇವರದನ?" ಎಂದು ಕೇಳಿದ.

"ಸಮುದ್ರ ಯಾರದೂ ಅಲ್ಲ ಕಾಕಾ."

"ಎಮ್ಮಿ ಬಗ್ಗೆನೂ ಯಾರೂ ಹಿಂಗ ಬಿಡಿಸಿ ಹೇಳಿರಲಿಲ್ಲ ನೋಡು ನನಗ," ಎಂದು ನಿಟ್ಟುಸಿರು ಬಿಟ್ಟ.

ಸಂಜೆಯವರೆಗೆ ಕೂತು ಮುಂಬೈಯ ಇಪ್ಪತ್ತು ಹೋಟೆಲು ಬಿಟ್ಟ. ಕೊನೆಗೆ ಧೋತರ ಝಾಡಿಸಿ ಎದ್ದು, "ಫೋಟೋ ನೋಡಿ ಮನಿ ಒಪ್ಪಿದವರು ಯಾರದಾರ? ನಾನೂ ಬರತೇನಿ. ಕಣ್ಣಾರೆ ನೋಡಿ, ಒಪ್ಪಿಸಿ, ನಿಮ್ಮನ್ನ ಹಡಗ ಹತ್ತಿಸಿ ಹೊಳ್ಳಿ ಬರತೇನಿ" ಎಂದ. ಹಡಗಿಲ್ಲ, ಟಿಕೆಟ್ಟಿಲ್ಲ, ಒಂದು ರಾತ್ರಿಯ ಮನೆ ನೋಡುವುದಕ್ಕಾಗಿ ಮುಂಬೈಗೆ ಹೊರಟ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು.

ಹತ್ತರಗಿಯ ಹೆದ್ದಾರಿಯಲ್ಲಿ ಅತ್ತಿ, ಮಾಮಾ ಬಸ್ಸು ಹತ್ತಿದರು. ಕಾಕಾನನ್ನು ನೋಡಿ ಅತ್ತಿ, "ಅಯ್ಯ ಶಿವನ! ಇಂವಾ ಎಲ್ಲಿಗೆ?" ಎಂದಳು. "ಮನಿ ನೋಡಾಕ," ಎಂದೆ. ಅತ್ತಿ ಹಣೆ ಬಡಿದುಕೊಂಡು ಕಿಟಕಿಯ ಕಡೆ ಮುಖ ಮಾಡಿದಳು.

ಬೆಳಿಗ್ಗೆ ಮುಂಬೈ. ನಮ್ಮ ಸಾಮಾನು ನೋಡಬೇಕಿತ್ತು ನೀವು. ಐದು ಚೀಲ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಹಡಗಿನವರಿಗೆ ಕೊಡಲೆಂದು ಅತ್ತಿ ಕಟ್ಟಿಸಿಕೊಂಡ ಗೋಕಾಕದ ಕರದಂಟು. ಹಡಗಿನವರು ಯಾರು, ಅವರಿಗೇಕೆ ಕರದಂಟು ಎಂದು ಕೇಳಿದರೆ, "ಬರಿಗೈಲೆ ಯಾರ ಮನಿಗೆ ಹೋಗಬೇಕು?" ಎನ್ನುತ್ತಾಳೆ. ಬಂದರಿನ ಆಸುಪಾಸಿನ ಒಂದು ಬೀದಿಯಲ್ಲಿ ಒಂದು ಹಳೇ ಕಟ್ಟಡದ ಮೆಟ್ಟಿಲ ಮೇಲೆ ಸಾಮಾನು ಒಟ್ಟಿ, ಮಾಮಾನನ್ನು ಕಾವಲು ಕೂರಿಸಿ, ನಾವು ಕಾಕಾನ ಹಿಂದೆ ಹೊರಟೆವು.

ಮೊದಲನೆಯ ಹೋಟೆಲಿನ ಹೊಳೆಯುವ ನೆಲದ ಮೇಲೆ ಕಾಕಾ ಲಿಂಬೆಹಣ್ಣು ಬಿಟ್ಟ. ಅದು ಉರುಳಿ ಉರುಳಿ ದೊಡ್ಡ ಸೋಫಾದ ಕೆಳಗೆ ಹೋಯಿತು. ಕೋಟು ಹಾಕಿದ ಮೂವರು ಸೋಫಾ ಎತ್ತಿ ಹಿಡಿದರು, ನಾನು ಬೋರಲು ಬಿದ್ದು ಹಣ್ಣು ತೆಗೆದೆ. "ನೆಲಾ ವಾಲೇತಿ. ಲಕ್ಷ್ಮಿ ನಿಲ್ಲೂದಿಲ್ಲ," ಎಂದ ಕಾಕಾ. ಎರಡನೆಯದರಲ್ಲಿ ಜಳಕದ ಮನೆಗೆ ಗಾಜಿನ ಗೋಡೆ. ಕಾಕಾ ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದು ಹೊರಗೆ ಬಂದ. ಒಳಗೆ ಯಾರೂ ಇರಲಿಲ್ಲ, ಆದರೂ. ಮೂರನೆಯದರಲ್ಲಿ ಮುಂದಿನ ಬಾಗಿಲಿಗೆ ಹೋಗಲೇ ಇಲ್ಲ, ಸೀದಾ ಹಿತ್ತಲಿಗೆ ಹೋದ.

"ಎಂಟು ಎಮ್ಮಿ ನೋಡಿದೆ, ತಿಪ್ಪಿ ನೋಡಲಿಲ್ಲ ನಾ. ಎಂಟು ಎಮ್ಮಿ ಇದ್ದ ಮನಿ ತಿಪ್ಪಿ ಎಷ್ಟಿರಬೇಕು? ಒಂದ ಬುಟ್ಟಿಯಷ್ಟಿತ್ತು. ಅಲ್ಲೇ ಮೋಸಾ ಹೋದೆ. ಮುಂದಿನ ಬಾಗಲಾ ಎಲ್ಲಾರೂ ತೊಳಿತಾರ ತಮ್ಮಾ, ಹಿತ್ತಲಾ ನೋಡಬೇಕು," ಎಂದು ಹೋಟೆಲಿನ ಕಸದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದ. ಡಬ್ಬಿಗಳ ತುಂಬ ಹೊರಗಿನಿಂದ ತರಿಸಿದ ಊಟದ ಖಾಲಿ ಪೆಟ್ಟಿಗೆಗಳು. "ಒಲಿ ಹಚ್ಚದ ಮನಿ," ಎಂದ. ಕಾವಲುಗಾರ ಬಂದು ನಮ್ಮನ್ನು ಹೊರಗೆ ಕಳಿಸಿದ. ಕಸ ಆಯುವವರು ಅಂದುಕೊಂಡಿದ್ದನೋ ಏನೋ. ನಾಲ್ಕನೆಯದು ಮೀನಿನ ವಾಸನೆಗೆ ಹೋಯಿತು.

ಹೊತ್ತು ಮಧ್ಯಾಹ್ನ ದಾಟಿತ್ತು. ಆಗ ಸುನಂದಾ ಮೆಲ್ಲಗೆ, "ನಾ ಒಂದು ಬುಕ್ ಮಾಡೇನಿ. ಸಮುದ್ರ ಇದ್ದದ್ದು" ಎಂದಳು. ಫೋಟೋ ನೋಡಿ ಕಾಕಾ ನಿಂತುಬಿಟ್ಟಿದ್ದ ಅದೇ ಹೋಟೆಲು. ಕಾಕಾನ ಮುಖದಲ್ಲಿ ಆಸೆ ಮೂಡಿದ್ದು ನನಗೆ ಕಂಡಿತು. ಲಿಂಬೆಹಣ್ಣು ಸಹ ಹೊರಗೆ ತೆಗೆಯಲಿಲ್ಲ. ಮೇಲೆ ಹೋದೆವು. ಬಿಳಿ ಹಾಸಿಗೆ ಇತ್ತು, ದೊಡ್ಡ ಪರದೆ ಇತ್ತು. "ಗಂಗವ್ವಾ, ನೀನ ಸರಿಸು," ಎಂದ ಕಾಕಾ. ಅತ್ತಿ ಪರದೆ ಸರಿಸಿದಳು. ಮೊಳ ದೂರದಲ್ಲಿ ಇನ್ನೊಂದು ಕಟ್ಟಡದ ಗೋಡೆ. ಗೋಡೆಯಲ್ಲಿ ಒಂದು ತಂತಿ. ತಂತಿಯ ಮೇಲೆ ಯಾರದೋ ಚಡ್ಡಿ ಒಣಗುತ್ತಿತ್ತು.

ಸಮುದ್ರ ಎಲ್ಲಿ ಎಂದು ನಾನು ಕೇಳಿದೆ. ಫೋಟೋದಲ್ಲಿರುವುದು ಇಲ್ಲಿಂದ ನಾಲ್ಕು ಬೀದಿ ಆಚೆ ಇದೆ ಎಂದು ಹೋಟೆಲಿನವನು ಹೇಳಿದ.

"ಎಮ್ಮಿ," ಎಂದ ಕಾಕಾ. ಅಷ್ಟೇ. ತಿರುಗಿ ಮೆಟ್ಟಿಲು ಇಳಿದ.

ಮತ್ತೆ ಮಾಮಾ ಕೂತ ಮೆಟ್ಟಿಲಿಗೇ ಬಂದೆವು. ಅವನು ಶೇಂಗಾ ಸುಲಿದು ತಿನ್ನುತ್ತ ಬೆಳಿಗ್ಗೆ ಇಟ್ಟ ಜಾಗದಲ್ಲೇ ಇದ್ದ. ಸುನಂದಾಳ ತಾಳ್ಮೆ ಹರಿಯಿತು.

"ಕಾಕಾರ, ನಾವೇನು ಇಲ್ಲಿ ಸಂಸಾರ ಹೂಡಾಕ ಬಂದೇವೇನ್ರಿ? ಮಲಗಿ ಎದ್ದು ಹೋಗೂ ಮಂದಿ! ನಾಳೆ ಹಡಗ ಬಂದಾಗ ಬೀದ್ಯಾಗ ನಿಂತು ಕೈ ಬೀಸೂದ ಈಗ ನಮ್ಮ ಹಣೇಬರಹ!"

ಅತ್ತಿಯೂ ಸೇರಿಕೊಂಡಳು. "ಇಂವಾ ನೋಡಿದ ಮನಿ ಸೇರಿ ಒಮ್ಮಿ ಸಾಕಾಗೇತಿ ನನಗ. ಎಂಟು ಎಮ್ಮಿ..."

"ಏಳು," ಎಂದ ಮಾಮಾ.

ಯಾವಾಗಲೂ ಈ ಮಾತಿಗೆ ನಾವು ನಗುತ್ತೇವೆ. ಈ ಸಲ ನಗು ಬರಲಿಲ್ಲ, ಕಾಕಾ ಅಳುತ್ತಿದ್ದ. ಎಪ್ಪತ್ತೈದರ ಮನುಷ್ಯ, ಕೈಯಲ್ಲಿ ಬೇಳೆಯ ಗಂಟು ಹಿಡಿದುಕೊಂಡು ಮುಂಬೈಯ ಬೀದಿಯಲ್ಲಿ ಅಳುತ್ತಿದ್ದ. "ಒಮ್ಮಿ ತಪ್ಪಿದೆನವ್ವಾ. ಇನ್ನೊಮ್ಮಿ ತಪ್ಪಬಾರ್ದು ಅಂತ ಬಂದೆ. ನನಗ ಈಗ ಯಾವ ಮನೀನೂ ಒಪ್ಪಾಕ ಆಗವಲ್ದು. ಎಲ್ಲಾದ್ರಾಗೂ ಎಮ್ಮಿನ ಕಾಣತಾವು."

ಅಷ್ಟರಲ್ಲಿ ನಾವು ಕೂತ ಕಟ್ಟಡದ ಒಳಗಿನಿಂದ ಕನ್ನಡಕದ ಮುದುಕನೊಬ್ಬ ಹೊರಗೆ ಬಂದ. ಅವನ ಕಾಲಿನ ಹಿಂದೆ ಕುಂಬಳಕಾಯಿಯಂಥ ಬೆಕ್ಕು. ಬೆಳಿಗ್ಗೆಯಿಂದ ನಾವು ಸಾಮಾನು ಒಟ್ಟಿದ್ದು ಒಂದು ಲಾಡ್ಜಿನ ಮೆಟ್ಟಿಲ ಮೇಲೆ ಎನ್ನುವುದು ಆಗ ತಿಳಿಯಿತು. ಬಣ್ಣ ಮಾಸಿದ ಬೋರ್ಡಿನ ಮೇಲೆ ನಮ್ಮ ಕಣ್ಣು ಬಿದ್ದಿರಲಿಲ್ಲ. ಮುದುಕ ಮರಾಠಿಯಲ್ಲಿ, ಐದು ಮಂದಿಗೆ ಆಗುವ ದೊಡ್ಡ ಖೋಲಿ ಒಂದಿದೆ ಎಂದ. ನಾವು ಏನೂ ಕೇಳುವ ಮೊದಲೇ ಮುಂದುವರಿಸಿದ. ಲಿಫ್ಟು ನಡೆಯುವುದಿಲ್ಲ. ಬಿಸಿನೀರು ಎಂಟು ಗಂಟೆಯವರೆಗೆ ಮಾತ್ರ. ಪಂಖ ಸಪ್ಪಳ ಮಾಡುತ್ತದೆ. ಬೋರ್ಡಿನಲ್ಲಿ ಸಮುದ್ರ ಕಾಣುತ್ತದೆ ಅಂತ ಬರೆದಿದೆ, ಎದುರಿನ ಕಟ್ಟಡ ಬಂದ ಮೇಲೆ ಕಾಣುವುದಿಲ್ಲ, ಅಳಿಸಬೇಕು, ಅಳಿಸಿಲ್ಲ. ಆಮೇಲೆ ಹೇಳಲಿಲ್ಲ ಅನ್ನಬೇಡಿ.

ಅತ್ತಿ ಸೆರಗು ಕೊಡವಿ ಎದ್ದಳು. "ಇಲ್ಲೇ ಇರೂದು," ಎಂದಳು.

"ತಡಿ, ನಾ ಇನ್ನ ನೋಡಿಲ್ಲ," ಎಂದ ಕಾಕಾ.

"ನೋಡೂದೇನೈತಿ? ತನ್ನ ಮನಿ ಹುಳುಕು ತಾನ ಹೇಳಿದ. ಇವ್ರೂ ಹಿಂಗ ಹೇಳಿದ್ರು, ಅದಕ್ಕ ಹೂಂ ಅಂದಿದ್ದೆ ನಾ."

"ಯಾರು?"

ಅತ್ತಿ ಮಾಮಾನ ಕಡೆ ಗದ್ದ ತೋರಿಸಿದಳು. "ನಿಶ್ಚೆ ಮಾಡಾಕ ಬಂದಾಗ ಹಿತ್ತಲದಾಗ ಇವ್ರ ಕೈಗೆ ನೀರ ಹಾಕಾಕ ಹೋಗಿದ್ದೆ. ತೆಲಿ ಕೆಳಗ ಹಾಕಿ ಹೇಳಿದ್ರು: ನಿಮ್ಮ ಅಣ್ಣ ಎಣಿಸಿ ಬಂದ ಎಮ್ಮಿ ನಮ್ಮವಲ್ಲ, ನಮ್ಮಪ್ಪ ಕಡಾ ತಂದಾನ, ಸುಳ್ಳ ಹೇಳಿ ಲಗ್ನಾ ಮಾಡಿಕೊಳ್ಳೂದು ನನ್ನ ಕಡಿಂದ ಆಗೂದಿಲ್ಲ, ಬ್ಯಾಡ ಅನ್ನೂದಿದ್ರ ಬ್ಯಾಡ ಅನ್ರಿ ಅಂತ. ಇಂಥಾ ಗಂಡಾ ಎಲ್ಲಿ ಸಿಗತಾನ ಅಂತ ನಾ ಸುಮ್ಮನಾದೆ."

ಮಾಮಾನ ಕಿವಿ ಕೆಂಪಾದವು. "ಒಂದು ನಮ್ಮದೈತಿ ಅಂತನೂ ಹೇಳಿದ್ದೆ," ಎಂದ ಮೆಲ್ಲಗೆ.

ಕಾಕಾ ತಂಗಿಯ ಕಡೆ ತಿರುಗಿದ. "ಗೊತ್ತಿತ್ತ ನಿನಗ? ಮದುವಿಗಿಂತ ಮೊದಲ? ಮತ್ತ ನಲವತ್ತು ವರ್ಷ ನನ್ನ ಯಾಕ ಅಂದಿ?"

ಅತ್ತಿ ಬಗ್ಗಿ ಬೆಕ್ಕಿನ ತಲೆ ಸವರಿದಳು.

"ಮೂರು ಮಂದಿ ಅಣ್ಣಗೋಳು ನನಗ," ಎಂದಳು. "ದೊಡ್ಡಾಂವ ಎರಡು ವರ್ಷ ಪಂಚಮಿಗೆ ಕರಿಯಾಕ ಬಂದ, ಬಿಟ್ಟ. ನಡುವಿನಾಂವ ಒಂದ ವರ್ಷ ಬಂದ. ನೀ ಒಬ್ಬಾಂವ ಒಂದ ವರ್ಷ ತಪ್ಪಿಸಲಿಲ್ಲ. ತಪ್ಪು ಮಾಡೇನಿ ಅಂತ ಬಂದಿ. ಖರೆ ಹೇಳಿದ್ರ ನೀನೂ ನಿಂತ ಬಿಡ್ತಿದ್ದಿ."

ದೊಡ್ಡವನೆಂದರೆ ನನ್ನ ಅಪ್ಪ. ಅಪ್ಪನಿಗೆ ಪಂಚಮಿಯಲ್ಲಿ ಯಾವಾಗಲೂ ಏನೋ ಕೆಲಸವಿರುತ್ತಿತ್ತು. ಆ ಕೆಲಸ ಏನೆಂದು ನಾನೂ ಎಂದೂ ಕೇಳಿದವನಲ್ಲ. ನನಗೆ ಆ ಹೊತ್ತಿನಲ್ಲಿ ಮೈಯೆಲ್ಲ ನಾಚಿಕೆಯಾಯಿತು. ಚೀಲ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದೆ.

ಖೋಲಿ ಮುದುಕ ಹೇಳಿದ ಹಾಗೇ ಇತ್ತು. ಪಂಖ ಸಪ್ಪಳ ಮಾಡಿತು, ಸಮುದ್ರ ಕಾಣಲಿಲ್ಲ. ಕಾಕಾ ಲಿಂಬೆಹಣ್ಣು ಉರುಳಿಸಲಿಲ್ಲ, ಆದರೆ ಬೇಳೆಯನ್ನು ಮಾತ್ರ ಬಿಡಲಿಲ್ಲ. ಅರ್ಧ ಹಿಡಿ ಮುದುಕನ ಒಲೆಯ ಮೇಲೆ ಇಟ್ಟ. ಬೆಂದಿತು, ಬೆಣ್ಣೆಯಂತೆ ಬೆಂದಿತು. ಅದಕ್ಕೇ ಮುದುಕನ ಡಬ್ಬಿಯ ಬೇಳೆಯನ್ನೂ ಸೇರಿಸಿ ಬೇಯಿಸಿ, ಒಗ್ಗರಣೆ ಹಾಕಿ, ಕಟಕ ರೊಟ್ಟಿ ಮುರಿದು, ಮುದುಕನನ್ನೂ ಕೂರಿಸಿಕೊಂಡು ಆರೂ ಮಂದಿ ಉಂಡೆವು. ಹಡಗಿನವರ ಕರದಂಟಿನಲ್ಲಿ ಅರ್ಧ ಮುದುಕನಿಗೆ ಹೋಯಿತು. ಉಳಿದ ಬೇಳೆಯನ್ನೂ ಲಿಂಬೆಹಣ್ಣನ್ನೂ ಕಾಕಾ ಕರವಸ್ತ್ರದಲ್ಲಿ ಗಂಟು ಹಾಕಿ ನನ್ನ ಚೀಲದ ಜೇಬಿಗೆ ತುರುಕಿದ. ಊಟವಾದ ಮೇಲೆ ಚಹಾ ಬಂತು. ಅತ್ತಿ ಎದುರಿಗಿದ್ದಾಳಲ್ಲ, ಕಾಕಾನಿಗೆ ಕರಿ ಚಹಾ ಎಂದು ನಾನು ಹೇಳುತ್ತಿದ್ದೆ, ಅವನು ಕೈ ಅಡ್ಡ ಹಿಡಿದು, "ಹಾಲು ಹಾಕಸು. ಜಾಸ್ತಿನ ಹಾಕಸು" ಎಂದ.

ಮರುದಿನ ಬಂದರಿಗೆ ಹೋದೆವು. ಹಡಗು ನೋಡಿ ಅತ್ತಿ, "ಯವ್ವಾ, ಇಡೀ ಹುಕ್ಕೇರಿ ಪ್ಯಾಟಿ ಕುಂಡ್ರತೈತಿ ಇದರಾಗ" ಎಂದಳು. ಟಿಕೆಟ್ಟು ಇಲ್ಲದವರಿಗೆ ಗೇಟಿನಿಂದ ಒಳಗೆ ಬಿಡುವುದಿಲ್ಲ. ಕಾಕಾ ಹೊರಗೆ ನಿಂತ. ನಾವು ಸಾಲಿನಲ್ಲಿ ನಾಲ್ಕು ಹೆಜ್ಜೆ ಹೋಗಿದ್ದೆವು, ಅತ್ತಿ ಸಾಲು ಬಿಟ್ಟು ಗೇಟಿಗೆ ಮರಳಿದಳು.

"ಅಣ್ಣಾ, ಪಂಚಮಿಗೆ ಕರಿಯಾಕ ಬರತಿಯಲ್ಲಾ?"

"ಈಗ ಯಾಕ ಬರಬೇಕು?" ಎಂದ ಕಾಕಾ. "ನನ್ನ ಮ್ಯಾಲಿನ ತಪ್ಪು ಹೋತು. ನಲವತ್ತು ವರ್ಷದ ಮ್ಯಾಲ ಹಗುರಾಗೇನಿ. ಬಸ್ಸು ರಗಡ ಅದಾವ, ನೀನ ಬಾ."

ಚೇಷ್ಟೆಯೋ, ಖರೆಯೋ, ನನಗೆ ತಿಳಿಯಲಿಲ್ಲ. ಅತ್ತಿಗೂ ತಿಳಿದಂತೆ ಕಾಣಲಿಲ್ಲ. ಅವಳ ಮುಖ ಸಣ್ಣದಾಯಿತು. ಹಿಂದಿನಿಂದ ಮಂದಿ ಸರಿಯಿರಿ ಸರಿಯಿರಿ ಎನ್ನುತ್ತಿದ್ದರು. ಗೇಟಿನ ಸರಳು ಹಿಡಿದು ಅವಳು ಒಂದು ಗಳಿಗೆ ಯೋಚಿಸಿದಳು.

"ಹಗುರಾಗೀಯೇನು?" ಎಂದಳು. "ರಾತ್ರೆಲ್ಲಾ ನನಗ ಆ ಹಾಸಗ್ಯಾಗ ತಿಗಣಿ ಕಡದಾವ. ಒಂದು ಕಣ್ಣ ಮುಚ್ಚಿಲ್ಲ ನಾ. ನೀ ಬಂದು ನೋಡಿದ ಮನಿ ಅದು."

ನಾನು ಕೀಟನಾಶಕ ಮಾರುವವನು. ಹುಳದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಆ ಹಾಸಿಗೆಯಲ್ಲಿ ಒಂದು ಇರುವೆ ಸಹ ಇರಲಿಲ್ಲ. ಅತ್ತಿ ಹೊಡೆದ ಗೊರಕೆಗೆ ಪಂಖದ ಸಪ್ಪಳವೇ ಕೇಳಿಸಿರಲಿಲ್ಲ ನನಗೆ. ಹೇಳಲು ಬಾಯಿ ತೆರೆದೆ. ಸುನಂದಾ ನನ್ನ ಕಾಲು ತುಳಿದಳು.

ಕಾಕಾ ತಂಗಿಯನ್ನೇ ನೋಡಿದ. "ಖರೆನ?"

"ಖರೆ."

"ಎಷ್ಟಿದ್ದುವು?"

"ಎಂಟು."

"ಏಳು," ಎಂದ ಮಾಮಾ, ಹಿಂದಿನಿಂದ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು.

ಕಾಕಾ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಸರಳಿನ ಸಂದಿಯಿಂದ ಕೈ ತೂರಿಸಿ ತಂಗಿಯ ಕೈ ಹಿಡಿದ.

"ತಪ್ಪಾತವ್ವಾ. ಹಾಸಗಿ ಎತ್ತಿ ನೋಡಬೇಕಿತ್ತು ನಾ. ಪಂಚಮಿಗೆ ಬರತೇನಿ."